ಮೊಸರಿನ ತಿಳಿಗೆ ಆ ಬಣ್ಣ ಎಲ್ಲಿಂದ ಬಂತು?

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸೂಕ್ಷ್ಮಜೀವಿಶಾಸ್ತ್ರದ ಪಾಠ ಹೇಳಿ ನಿವೃತ್ತಳಾದವಳ ಕೈಗೆ ಮೈಕು ಕೊಟ್ಟರೆ ಏನಾಗುತ್ತದೆ ಎಂದು ಗೊತ್ತಿದ್ದೂ ಕರೆದಿದ್ದೀರಿ. ಧೈರ್ಯಕ್ಕೆ ಮೆಚ್ಚಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಯೇ ಇವತ್ತಿನ ವಿಷಯ. "ಮೊಸರಿನ ಬ್ಯಾಕ್ಟೀರಿಯಾದಿಂದ ನೈಸರ್ಗಿಕ ಬಣ್ಣ ತೆಗೀತಾರಂತೆ, ನಿಜವಾ? ಮೊಮ್ಮಕ್ಕಳ ತಿಂಡಿಗೆ ಹಾಕಬಹುದಾ?" ಎಂದು. ನಿಜ, ಅವು ಬಣ್ಣ ಮಾಡುತ್ತವೆ. ಆದರೆ ನಾವು ಅಂದುಕೊಳ್ಳುವ ಬಣ್ಣವನ್ನಲ್ಲ, ನಮಗಾಗಿಯೂ ಅಲ್ಲ.

ಈ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ನಮಗೆಲ್ಲ ಗೊತ್ತು. 2024ರ ಫೆಬ್ರುವರಿಯಲ್ಲಿ ಇಲ್ಲಿ ಮರೀನಾ ಬೀಚಿನಲ್ಲಿ ಮಾರುತ್ತಿದ್ದ ಪಂಜುಮಿಠಾಯಿಯನ್ನು, ನಮ್ಮ ಕಡೆ ಬೊಂಬಾಯಿ ಮಿಠಾಯಿ ಅನ್ನುತ್ತೇವಲ್ಲ ಅದನ್ನು, ಗಿಂಡಿಯ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ರೋಡಮಿನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ಪುದುಚೇರಿ ಆಗಲೇ ನಿಷೇಧಿಸಿತ್ತು, ತಮಿಳುನಾಡೂ ನಿಷೇಧಿಸಿತು. ಮುಂದಿನ ತಿಂಗಳು, ಮಾರ್ಚ್ 11ಕ್ಕೆ, ಕರ್ನಾಟಕದ ಸರದಿ. ಅಲ್ಲಿ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣವಿತ್ತು. ಜೂನ್‌ನಲ್ಲಿ ಕಬಾಬಿಗೂ ಅದೇ ಆಯಿತು. ಹೂಕೋಸಿಗೆ ಬಣ್ಣ ಕೊಡಲು ಹೋಗಿ ಬಟ್ಟೆ ಅಂಗಡಿಯ ಕದ ತಟ್ಟಿದ್ದೇವೆ! ಹಾಗಾಗಿ "ಬ್ಯಾಕ್ಟೀರಿಯಾದ ನೈಸರ್ಗಿಕ ಬಣ್ಣ" ಎಂದರೆ ಕಿವಿ ನೆಟ್ಟಗಾಗುವುದು ಸಹಜ.

ಮೊದಲು ಈ ಬ್ಯಾಕ್ಟೀರಿಯಾ ಯಾರು ಎಂದು ನೋಡೋಣ. ಪುಸ್ತಕದಲ್ಲಿ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ ಎನ್ನುತ್ತಾರೆ. ನಾನು ಇಲ್ಲಿ ಹುಳಿಬ್ಯಾಕ್ಟೀರಿಯಾ ಎನ್ನುತ್ತೇನೆ. ಅವು ಮಾಡುವ ಕೆಲಸವೇ ಅದು: ಸಕ್ಕರೆಯ ಅಂಶ ತಿಂದು ಹುಳಿ ಮಾಡುವುದು. ಹಾಲನ್ನು ಮೊಸರು ಮಾಡುವವು, ಇಡ್ಲಿ ಹಿಟ್ಟನ್ನು ಉಬ್ಬಿಸುವವು, ಉಪ್ಪುನೀರಿನಲ್ಲಿ ಹಾಕಿಟ್ಟ ತರಕಾರಿಯನ್ನು ಹುಳಿ ಬರಿಸುವವು ಎಲ್ಲ ಇದೇ ಬಳಗ. ಇಡ್ಲಿ ಹಿಟ್ಟಿನಲ್ಲಿ ಮುಖ್ಯಪಾತ್ರ ಲ್ಯೂಕೊನೊಸ್ಟಾಕ್ ಎಂಬುದರದ್ದು. ಇಲ್ಲಿ ಬೀದಿಗೊಂದು ಅಂಗಡಿಯಲ್ಲಿ "ಇಡ್ಲಿ ಮಾವು" ಎಂದು ಬೋರ್ಡು ಇರುತ್ತದಲ್ಲ, ಮದುವೆಯಾಗಿ ಹೊಸದಾಗಿ ಚೆನ್ನೈಗೆ ಬಂದ ನಮ್ಮ ಹುಡುಗಿಯರು ಮಾವಿನಹಣ್ಣಿನ ಇಡ್ಲಿ ಅಂದುಕೊಳ್ಳುತ್ತಾರೆ, ಆ ಹಿಟ್ಟಿನ ಪೊಟ್ಟಣದಲ್ಲೂ ಇವೇ.

ಪ್ರಯೋಗಾಲಯದಲ್ಲಿ ಇವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಸಾಬೂದಾನಿ ಚೂರಿನಂತೆ ಬಿಳಿ, ಕೆನೆಬಣ್ಣದ ಚುಕ್ಕೆಗಳು ಬರುತ್ತವೆ. ನೋಡಲು ಬಹಳ ಸಪ್ಪೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಕೆಂಪು, ನೇರಳೆ, ಹಸಿರು ಎಲ್ಲ ಇವೆ, ಇವು ಮಾತ್ರ ಮಲ್ಲಿಗೆ ಇಡ್ಲಿಯ ಹಾಗೆ ಬೆಳ್ಳಗೆ. ಹಾಲು, ಹಣ್ಣಿನ ರಸ, ರುಬ್ಬಿದ ಉದ್ದು, ಇಂಥ ಸಮೃದ್ಧಿಯಲ್ಲೇ ಬೆಳೆದ ಜೀವಗಳು ಇವು. ಬಿಸಿಲಿಗೆ ಮೈಯೊಡ್ಡುವುದು ಕಡಿಮೆ, ಗಾಳಿಯ ಆಮ್ಲಜನಕವನ್ನು ಬಳಸಿ ಬದುಕುವ ಅಗತ್ಯವೂ ಅಷ್ಟಿಲ್ಲ. ಎಲ್ಲ ಸಿಗುವ ಮನೆಯಲ್ಲಿ ಇರುವವರು ಸ್ವಂತ ಕಸುಬು ಕಲಿಯುವುದಿಲ್ಲ. ಹಾಗಾಗಿ ಬಹುಪಾಲು ತಳಿಗಳಿಗೆ ಕಣ್ಣಿಗೆ ಹೊಡೆಯುವ ಬಣ್ಣ ಮಾಡಲು ಬರುವುದಿಲ್ಲ.

ಆದರೂ ಒಂದು ಬಣ್ಣ ನಾವು ದಿನಾ ನೋಡುತ್ತೇವೆ, ಗಮನಿಸುವುದಿಲ್ಲ. ಗಟ್ಟಿ ಮೊಸರಿನಲ್ಲಿ ಒಂದು ಸೌಟು ತೆಗೆದು ಹಾಗೇ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಆ ಗುಳಿಯಲ್ಲಿ ತಿಳಿನೀರು ನಿಂತಿರುತ್ತದೆ. ಅದು ಬಿಳಿಯಲ್ಲ, ನೀರಿನ ಹಾಗೆ ಬಣ್ಣವಿಲ್ಲದ್ದೂ ಅಲ್ಲ. ಹಸಿರು ಬೆರೆತ ತೆಳು ಹಳದಿ. ಎಷ್ಟೋ ಮನೆಗಳಲ್ಲಿ "ಮೊಸರು ನೀರೊಡೆದಿದೆ" ಎಂದು ಅದನ್ನು ಸಿಂಕಿಗೆ ಚೆಲ್ಲುತ್ತಾರೆ. ಆ ಹಳದಿಯೇ ರೈಬೊಫ್ಲೇವಿನ್, ಅಂದರೆ ವಿಟಮಿನ್ ಬಿ2.

1879ರಲ್ಲಿ ಅಲೆಕ್ಸಾಂಡರ್ ವಿಂಟರ್ ಬ್ಲೈತ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಾಲಿನ ತಿಳಿಯಲ್ಲಿ ಈ ಬಣ್ಣವನ್ನು ಗುರುತಿಸಿ ಲ್ಯಾಕ್ಟೊಕ್ರೋಮ್ ಎಂದು ಹೆಸರಿಟ್ಟ, ಹಾಲಿನ ಬಣ್ಣ ಎಂದು. ಅದು ಜೀವಸತ್ವ ಎಂದು ಯಾರಿಗೂ ಹೊಳೆಯಲಿಲ್ಲ, ಆ ಪದವೇ ಇನ್ನೂ ಹುಟ್ಟಿರಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಬರೀ ಬಣ್ಣವಾಗಿಯೇ ಉಳಿಯಿತು. 1933ರಲ್ಲಿ ಜರ್ಮನಿಯಲ್ಲಿ ರಿಚರ್ಡ್ ಕೂನ್ ಮತ್ತು ಸಂಗಡಿಗರು ಅದನ್ನು ಶುದ್ಧವಾಗಿ ಬೇರ್ಪಡಿಸಿ ಇದೇ ಬೆಳವಣಿಗೆಗೆ ಬೇಕಾದ ಸತ್ವ ಎಂದು ತೋರಿಸಿದರು. ಆಗ ಅದಕ್ಕೆ ಲ್ಯಾಕ್ಟೊಫ್ಲೇವಿನ್ ಎಂದರು. ನಮ್ಮ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಅನುಮತಿ ಇರುವ ನೈಸರ್ಗಿಕ ಬಣ್ಣಗಳ ಪಟ್ಟಿ ಇದೆ. ಕೇಸರಿ, ಅರಿಶಿನದ ಕುರ್ಕ್ಯುಮಿನ್ ಜೊತೆಯಲ್ಲೇ ರೈಬೊಫ್ಲೇವಿನ್ ಕೂಡ ಇದೆ, ಪಕ್ಕದಲ್ಲಿ ಆ ಹಳೆಯ ಲ್ಯಾಕ್ಟೊಫ್ಲೇವಿನ್ ಹೆಸರೂ ಇದೆ. ಪೊಟ್ಟಣದ ಮೇಲೆ 101 ಎಂಬ ಸಂಖ್ಯೆ ಕಂಡರೆ ಅದೇ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗಿ ಗಾಬರಿಯಾಗುತ್ತದಲ್ಲ, ಅದೂ ಇದೇ, ದೇಹಕ್ಕೆ ಬೇಡವಾಗಿ ಹೊರಬಿದ್ದದ್ದು.

(ಇಲ್ಲಿ ಸಭೆಯ ದೀಪ ಆರಿಸಿ, ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಒಂದು ಲೋಟ ಮೊಸರಿನ ತಿಳಿಯ ಮೇಲೆ ಹಿಡಿದು ತೋರಿಸಲಾಯಿತು. ತಿಳಿ ಹಸಿರು ಹಳದಿಯಾಗಿ ಮಿನುಗಿತು.)

ನೋಡಿದಿರಲ್ಲ, ದೆವ್ವವಲ್ಲ, ಜೀವಸತ್ವ. ರೈಬೊಫ್ಲೇವಿನ್ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ವಾಪಸು ಕೊಡುತ್ತದೆ. ಆ ಗುಣವೇ ಅದಕ್ಕೆ ಶತ್ರುವೂ ಹೌದು. ಪಾರದರ್ಶಕ ಸೀಸೆಯಲ್ಲಿ ಹಾಲನ್ನು ಬಿಸಿಲಿಗಿಟ್ಟರೆ ಒಂದೆರಡು ಗಂಟೆಗಳಲ್ಲಿ ಬಿ2 ಅರ್ಧದಷ್ಟೋ ಇನ್ನೂ ಹೆಚ್ಚೋ ಹಾಳಾಗುತ್ತದೆ. ಬೇಯಿಸುವ ಬಿಸಿಯನ್ನು ಮಾತ್ರ ಚೆನ್ನಾಗಿ ತಾಳಿಕೊಳ್ಳುತ್ತದೆ.

ಈ ಹಳದಿಯಲ್ಲಿ ನಮ್ಮ ಹುಳಿಬ್ಯಾಕ್ಟೀರಿಯಾದ ಪಾಲೆಷ್ಟು? ಇಲ್ಲಿ ಸತ್ಯ ಹೇಳಬೇಕು. ಮೊಸರಿನ ತಿಳಿಯಲ್ಲಿ ಕಾಣುವುದರಲ್ಲಿ ಹೆಚ್ಚಿನದು ಹಸುವಿನದೇ. 100 ಗ್ರಾಂ ಹಾಲಿನಲ್ಲಿ ಸುಮಾರು 0.2 ಮಿಲಿಗ್ರಾಂ ಬಿ2 ಇದ್ದೇ ಇರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಕೆಲವು ತಳಿಗಳು ಅದನ್ನು ಮಾಡಿ ಸೇರಿಸುತ್ತವೆ, ಕೆಲವು ಇದ್ದದ್ದನ್ನೇ ತಿಂದು ಮುಗಿಸುತ್ತವೆ. ಮನೆಯಲ್ಲಿ ಗಳಿಸುವವರೂ ಇರುತ್ತಾರೆ, ಖರ್ಚು ಮಾಡುವವರೂ ಇರುತ್ತಾರೆ.

ಗಳಿಸುವವರನ್ನು ಆರಿಸುವ ಉಪಾಯ ಬಹಳ ಜಾಣತನದ್ದು. ರೋಸಿಯೊಫ್ಲೇವಿನ್ ಎಂಬ ಒಂದು ಕೆಂಪು ವಸ್ತುವಿದೆ, ಮಣ್ಣಿನಲ್ಲಿರುವ ಬೇರೊಂದು ಬ್ಯಾಕ್ಟೀರಿಯಾ ಮಾಡುವುದು. ನೋಡಲು ಬಿ2ನ ಅವಳಿಯ ಹಾಗೆ. ಹುಳಿಬ್ಯಾಕ್ಟೀರಿಯಾ ಇದನ್ನು ಕಂಡು "ಓಹೋ, ಬಿ2 ಸಾಕಷ್ಟಿದೆ" ಎಂದು ಮೋಸಹೋಗಿ ತನ್ನ ತಯಾರಿಕೆ ನಿಲ್ಲಿಸುತ್ತದೆ, ನಿಜವಾದ ಬಿ2 ಇಲ್ಲದೆ ಸಾಯುತ್ತದೆ. ಕೋಟಿಯಲ್ಲೊಂದು ಮಾತ್ರ ಮೋಸಹೋಗದೆ ಮಾಡುತ್ತಲೇ ಇರುತ್ತದೆ. ಅದೇ ಬದುಕುವುದು. ಅದನ್ನು ಬೆಳೆಸಿದರೆ ತಟ್ಟೆ ಹಳದಿಯಾಗುತ್ತದೆ. ಇಲ್ಲಿ ಹೊರಗಿನಿಂದ ಜೀನ್ ತುರುಕುವುದಿಲ್ಲ, ಬೀಜಕ್ಕೆ ಒಳ್ಳೆಯ ತೆನೆ ಆರಿಸಿಟ್ಟ ಹಾಗೆ ಅಷ್ಟೇ. ಹೀಗೆ ಆರಿಸಿದ ತಳಿಗಳಿಂದ ಮೊಸರಿನಲ್ಲಿ, ಬ್ರೆಡ್ಡಿನಲ್ಲಿ ಬಿ2 ಹೆಚ್ಚಿಸುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ. ಹುಳಿಬ್ಯಾಕ್ಟೀರಿಯಾ ಬಣ್ಣದ ಸುದ್ದಿಯಲ್ಲಿ ನನಗೆ ನಿಜವಾಗಿ ಸಂತೋಷ ಕೊಡುವುದು ಇದು. ಬಣ್ಣಕ್ಕೆ ಬಣ್ಣ, ಸತ್ವಕ್ಕೆ ಸತ್ವ.

ಇಡ್ಲಿ ಹಿಟ್ಟಿನ ವಿಷಯ 1960ರ ದಶಕದಲ್ಲೇ ಬರೋಡಾದಲ್ಲಿ ಆರ್. ರಾಜಲಕ್ಷ್ಮಿಯವರು ಪರೀಕ್ಷಿಸಿ, ಹುದುಗಿದಾಗ ಬಿ1, ಬಿ2 ಎರಡೂ ಹೆಚ್ಚುತ್ತವೆ ಎಂದು ತೋರಿಸಿದ್ದರು. ಅದಕ್ಕೂ ಒಂಬೈನೂರು ವರ್ಷ ಹಿಂದಕ್ಕೆ ಹೋಗೋಣ. ಸುಮಾರು 1025ರಲ್ಲಿ ಕನ್ನಡದಲ್ಲಿ ಲೋಕೋಪಕಾರ ಬರೆದ ಎರಡನೆಯ ಚಾವುಂಡರಾಯ ಇಡ್ಲಿಯ ವಿಧಾನ ಕೊಡುತ್ತಾನೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ ಮಸಾಲೆ ಬೆರೆಸುವುದು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚಯ ಇದನ್ನು ಎತ್ತಿ ತೋರಿಸಿದ್ದಾರೆ. ನಾವು ಸಿಂಕಿಗೆ ಚೆಲ್ಲುವುದನ್ನು ಅವರು ಇಡ್ಲಿಗೆ ಹಾಕುತ್ತಿದ್ದರು! ಇಡ್ಲಿ ನಮ್ಮದೋ ತಮಿಳರದೋ ಎಂಬ ಜಗಳವನ್ನು ನಾನು ಇಲ್ಲಿ, ಈ ಊರಲ್ಲಿ, ಎತ್ತುವುದಿಲ್ಲ.

ಬಿ2 ಕಡಿಮೆಯಾದರೆ ಏನಾಗುತ್ತದೆ? ಬಾಯಿಯ ಎರಡೂ ಕೊನೆ ಸೀಳುತ್ತದೆ, ನಾಲಿಗೆ ಕೆಂಪಗಾಗಿ ಉರಿಯುತ್ತದೆ, ತುಟಿ ಒಡೆಯುತ್ತದೆ. ಮನೆಮಂದಿಗೆಲ್ಲ ಬಡಿಸಿ, ಕೊನೆಗೆ ಉಳಿದ ಅನ್ನಕ್ಕೆ ಸಾರು ಕಲಸಿ ತಿನ್ನುವ, ಹಾಲು ಮೊಸರನ್ನು ಮಕ್ಕಳಿಗೇ ಬಿಡುವ ಹೆಂಗಸರಲ್ಲಿ ಇದನ್ನು ನೋಡುತ್ತೇವೆ. "ಉಷ್ಣ ಆಗಿದೆ" ಎಂದು ಸುಮ್ಮನಾಗುತ್ತೇವೆ. ಬಾಯಿ ಹುಣ್ಣಿಗೆಲ್ಲ ಇದೇ ಕಾರಣವಲ್ಲ, ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಬೇಕು. ಆದರೆ ಮೊಸರಿನ ತಿಳಿಯನ್ನು ಚೆಲ್ಲುವ ಬದಲು ಚಪಾತಿ ಹಿಟ್ಟಿಗೆ, ಸಾರಿಗೆ, ದೋಸೆ ಹಿಟ್ಟಿಗೆ ಹಾಕಲು ಯಾವ ವೈದ್ಯರ ಚೀಟಿಯೂ ಬೇಡ. ಇನ್ನೊಂದು: ಹಿಟ್ಟು ಚೆನ್ನಾಗಿ ಹುದುಗಿದ ಮೇಲೆ ಸೋಡಾ ಹಾಕಬೇಡಿ. ಬಿ1ಕ್ಕೂ ಬಿ2ಗೂ ಹುಳಿ ಹಿತ, ಕ್ಷಾರ ಆಗದು. ಚೆನ್ನೈ ಸೆಕೆಯಲ್ಲಿ ಹಿಟ್ಟು ಉಬ್ಬಲು ಸೋಡಾದ ನೆರವು ಯಾಕೆ ಬೇಕು ಹೇಳಿ, ಮುಚ್ಚಳವನ್ನೇ ಎತ್ತಿಬಿಡುತ್ತದೆ.

ಈ ಬಳಗದಲ್ಲಿ ಇನ್ನೊಂದು ಹಳದಿ ಇದೆ. ಪತ್ರಿಕೆಯ ತಲೆಬರಹಗಳಿಗೆ ಹೆಚ್ಚು ಬರುವುದು ಅದೇ. ಹುಳಿ ಬಂದ ತರಕಾರಿ, ಉಪ್ಪಿನ ಆಲಿವ್, ಹಿಟ್ಟುಗಳಲ್ಲಿ ಸಿಗುವ ಪ್ಲಾಂಟಾರಮ್ ಎಂಬ ಲ್ಯಾಕ್ಟೊಬ್ಯಾಸಿಲಸ್‌ನ ಹಲವು ತಳಿಗಳು ತೆಳು ಹಳದಿ ಕ್ಯಾರೊಟಿನಾಯ್ಡ್ ಮಾಡುತ್ತವೆ. ಎಂಟರೊಕಾಕಸ್ ಗಿಲ್ವಸ್ ಎಂಬುದೂ ಹಾಗೇ. ಗಿಲ್ವಸ್ ಎಂದರೇ ಲ್ಯಾಟಿನಿನಲ್ಲಿ ತೆಳು ಹಳದಿ. ಕ್ಯಾರೊಟಿನಾಯ್ಡ್ ಎಂದ ಕೂಡಲೇ ಕ್ಯಾರೆಟ್ಟು, ಎ ವಿಟಮಿನ್, ಕಣ್ಣಿಗೆ ಒಳ್ಳೆಯದು ಎಂದು ಮಾರುವವರು ಹೇಳಿಯಾರು. ಅಲ್ಲಿ ಎಚ್ಚರ ಬೇಕು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್‌ನಲ್ಲಿ 40 ಇಂಗಾಲದ ಪರಮಾಣುಗಳ ಸರಪಳಿ, ಎರಡು ತುದಿಯಲ್ಲೂ ಉಂಗುರ. ಆ ಉಂಗುರವಿದ್ದರೇ ನಮ್ಮ ದೇಹ ಅದನ್ನು ಎ ವಿಟಮಿನ್ ಮಾಡಿಕೊಳ್ಳುವುದು. ಹುಳಿಬ್ಯಾಕ್ಟೀರಿಯಾದ್ದು 30 ಇಂಗಾಲದ ಸರಪಳಿ, ಉಂಗುರವೇ ಇಲ್ಲ. ಅದರಿಂದ ಎ ವಿಟಮಿನ್ ಆಗುವುದಿಲ್ಲ.

ಹಾಗಾದರೆ ಅದು ಯಾಕೆ? ಅವಕ್ಕೆ ಅದು ಕೊಡೆ. ಜಪಾನಿನ ವಿಜ್ಞಾನಿಗಳು ಗಿಲ್ವಸ್‌ನ ಬಣ್ಣದ ಜೀನ್‌ಗಳನ್ನು ಬಣ್ಣವಿಲ್ಲದ ಲ್ಯಾಕ್ಟೊಕಾಕಸ್‌ಗೆ ಸೇರಿಸಿ ನೋಡಿದರು. ಹೈಡ್ರೋಜನ್ ಪೆರಾಕ್ಸೈಡ್, ಹುಳಿ, ಪಿತ್ತರಸ, ಇಂಥ ಕಷ್ಟಗಳನ್ನೆಲ್ಲ ಅದು ಮೊದಲಿಗಿಂತ ಹೆಚ್ಚು ತಡೆದುಕೊಂಡಿತು. ಹೊಟ್ಟೆಯೊಳಗೆ ಜೀವಂತ ತಲುಪಬೇಕಾದ ಬ್ಯಾಕ್ಟೀರಿಯಾಗಳಿಗೆ ಇದು ಉಪಯೋಗವಾದೀತು. ಲಾಡುವಿಗೆ ಬಣ್ಣ ಕೊಡುವಷ್ಟು ಮಾತ್ರ ಇಲ್ಲ. ಅದಕ್ಕೆ ಅರಿಶಿನ, ಕೇಸರಿ ಸಾಕು.

ಬಣ್ಣ ಮಾಡುವುದಕ್ಕಿಂತ ಬಣ್ಣ ಹಿಡಿದಿಡುವುದರಲ್ಲಿ ಇವು ನಿಪುಣ. ಆರತಿಗೆ ಓಕುಳಿ ಕಲಸುವವರು ಇಲ್ಲಿ ಎಲ್ಲರೂ ಇದ್ದೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಅದೇ ನೀರಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಮಜ್ಜಿಗೆಹುಳಿಯ ಅರಿಶಿನ ಅಷ್ಟು ಚಂದ ಹಳದಿಯಾಗಿ ನಿಲ್ಲುವುದು ಮಜ್ಜಿಗೆಯ ಹುಳಿಯಿಂದ, ಅಂದರೆ ಆ ಬ್ಯಾಕ್ಟೀರಿಯಾಗಳ ದುಡಿಮೆಯಿಂದ. ಉತ್ತರದವರು ಕಪ್ಪು ಕ್ಯಾರೆಟ್ಟಿನ ಕಾಂಜಿ ಮಾಡುತ್ತಾರೆ. ಬಣ್ಣ ಕ್ಯಾರೆಟ್ಟಿನದು, ಅದನ್ನು ಮಾಣಿಕ್ಯದ ಕೆಂಪಿಗೆ ತಿರುಗಿಸಿ ನಿಲ್ಲಿಸುವುದು ಹುಳಿ. ಇಲ್ಲಿ ಆ ಕ್ಯಾರೆಟ್ಟು ಸಿಗದಿದ್ದರೆ ನೇರಳೆ ಎಲೆಕೋಸನ್ನು ಹೆಚ್ಚಿ ಉಪ್ಪು ಹಾಕಿ ಹುಳಿ ಬರಿಸಿ ನೋಡಿ, ನೇರಳೆ ಹೋಗಿ ಗುಲಾಬಿಯಾಗುತ್ತದೆ. ಮೊಮ್ಮಕ್ಕಳಿಗೆ ಮ್ಯಾಜಿಕ್ಕಾಯಿತು. ಬಟ್ಟೆಯ ನೀಲಿಯಲ್ಲೂ ಈ ಬಳಗದ ಕೈ ಇದೆ. ನಮಗೆ ಹತ್ತಿರದ ತಿಂಡಿವನಂ ಕಡೆ ಇಂದಿಗೂ ನೀಲಿ ಗಿಡ ಬೆಳೆಯುತ್ತಾರೆ. ಆ ನೀಲಿ ನೀರಲ್ಲಿ ಕರಗದು, ತೊಟ್ಟಿಯಲ್ಲಿ ಹುದುಗಿಸಿ ಕರಗುವಂತೆ ಮಾಡಬೇಕು. ಜಪಾನಿನ ಅಂಥ ನೀಲಿ ತೊಟ್ಟಿಗಳಲ್ಲಿ ಆ ಕೆಲಸ ಮಾಡುವ ಅಲ್ಕಾಲಿಬ್ಯಾಕ್ಟೀರಿಯಂ ಎಂಬುದು, ಸುಣ್ಣದಂಥ ಕ್ಷಾರದಲ್ಲಿ ಬದುಕುವ ಹುಳಿಬ್ಯಾಕ್ಟೀರಿಯಾವೇ. ವಿಚಿತ್ರ ಸಂಸಾರ.

ಒಂದು ಎಚ್ಚರಿಕೆ. ಹಿಟ್ಟಿನ ಮೇಲೆ, ಮೊಸರಿನ ಮೇಲೆ ಗುಲಾಬಿ, ಕಿತ್ತಳೆ, ಕೆಂಪು ಚುಕ್ಕೆ ಕಂಡರೆ "ನೈಸರ್ಗಿಕ ಬಣ್ಣ" ಎಂದು ಸಂತೋಷಪಡಬೇಡಿ. ಅದು ನಮ್ಮ ಬಳಗದ್ದಲ್ಲ, ಬೇರೆ ಬ್ಯಾಕ್ಟೀರಿಯಾ ಅಥವಾ ಯೀಸ್ಟು ಸೇರಿಕೊಂಡಿದೆ. ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸುವುದೂ ಬೇಡ, ಪೂರ್ತಿ ಚೆಲ್ಲಿ ಪಾತ್ರೆಗೆ ಕುದಿಯುವ ನೀರು ಹಾಕಿ. ಇನ್ನು ಗೋಬಿಗೆ ಕೆಂಪು ಬೇಕೇ ಬೇಕು ಎನ್ನುವವರಿಗೆ ಉತ್ತರ ಬ್ಯಾಕ್ಟೀರಿಯಾ ಅಲ್ಲ, ಬ್ಯಾಡಗಿ ಮೆಣಸಿನಕಾಯಿ. ಊರಿಗೆ ಹೋದಾಗ ಹೇಗೂ ಎರಡು ಕಿಲೋ ಹೊತ್ತು ತರುತ್ತೇವಲ್ಲ. ಅಷ್ಟು ಕೆಂಪು ಸಾಲದು ಎನ್ನುವ ಮಕ್ಕಳಿಗೆ, ಅಂಗಡಿಯ ಕೆಂಪು ಎಲ್ಲಿಂದ ಬಂತು ಎಂದು ಹೇಳಿಬಿಡುವುದೇ ಒಳ್ಳೆಯದು. ಅವರಿಗೆ ಅರ್ಥವಾಗುತ್ತದೆ.

ಕೊನೆಯದಾಗಿ ಒಂದು ಕಿತ್ತಳೆ ಬಣ್ಣದ ಬಗ್ಗೆ. ಮಗಳೋ ಸೊಸೆಯೋ ಬಸುರಿ ಇರುವ ಮನೆಯವರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಮೊಸರು ಕಟ್ಟುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಒಂದು. ಬಹಳ ಸಾಧು. ಅದರ ದಾಯಾದಿಯೊಂದಿದೆ, ಬಿ ಗುಂಪಿನ ಸ್ಟ್ರೆಪ್ಟೊಕಾಕಸ್, ಚಿಕ್ಕದಾಗಿ ಜಿಬಿಎಸ್. ಇದೂ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುವುದೇ. ಪ್ರಪಂಚದಾದ್ಯಂತ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರ ದೇಹದಲ್ಲಿ ಇದು ಸುಮ್ಮನೆ ಇರುತ್ತದೆ. ತಾಯಿಗೆ ಏನೂ ಅನ್ನಿಸುವುದಿಲ್ಲ. ಹೆರಿಗೆಯ ಹೊತ್ತಿಗೆ ಮಗುವಿಗೆ ತಗುಲಿದರೆ, ಎಲ್ಲ ಮಕ್ಕಳಿಗೂ ಅಲ್ಲ, ಕೆಲವು ಮಕ್ಕಳಿಗೆ, ಹುಟ್ಟಿದ ಮೊದಲ ವಾರದಲ್ಲೇ ರಕ್ತದ ಸೋಂಕು, ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ಬರಬಹುದು, ಪ್ರಾಣಕ್ಕೇ ಕುತ್ತಾಗಬಹುದು.

ಈ ದಾಯಾದಿ ಕಿತ್ತಳೆ ಕೆಂಪು ಬಣ್ಣವೊಂದನ್ನು ಮಾಡುತ್ತದೆ. ಹೆಸರು ಗ್ರಾನಡಯೀನ್. ಸ್ಪೇನಿನ ಗ್ರಾನಡಾ ಊರಿನ ವೈದ್ಯ ವಿಜ್ಞಾನಿಗಳು ಈ ಬಣ್ಣ ಎದ್ದು ಕಾಣುವಂಥ ಒಂದು ಪೋಷಕ ಮಾಧ್ಯಮ ರೂಪಿಸಿದರು, ಅದಕ್ಕೆ ಊರಿನ ಹೆಸರೇ ಬಂತು. ಅದರಲ್ಲಿ ಬೆಳೆಸಿದರೆ ಕಿತ್ತಳೆ ಚುಕ್ಕೆಗಳು ಮೂಡುತ್ತವೆ, ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಬಣ್ಣ ಬರದ ತಳಿಗಳೂ ಒಂದಿಷ್ಟಿವೆ, ಹಾಗಾಗಿ ಪ್ರಯೋಗಾಲಯದವರು ಬಣ್ಣವೊಂದನ್ನೇ ನಂಬಿ ಕೂರುವುದಿಲ್ಲ. 2013ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಲಕ್ಷ್ಮಿ ರಾಜಗೋಪಾಲ್ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಆ ಬಣ್ಣ ಬರೀ ಗುರುತಲ್ಲ, ಅದೇ ಆಯುಧ. ರಕ್ತಕಣಗಳನ್ನು ಒಡೆಯುವುದು, ಮಾಸುವಿನ ಪೊರೆ ದಾಟಲು ಬ್ಯಾಕ್ಟೀರಿಯಾಗೆ ದಾರಿ ಮಾಡಿಕೊಡುವುದು ಆ ಬಣ್ಣವೇ. ನೈಸರ್ಗಿಕವಾದದ್ದೆಲ್ಲ ಸೌಮ್ಯ ಎನ್ನುವವರಿಗೆ ನಾನು ಹೇಳುವ ಉದಾಹರಣೆ ಇದು.

ಅಮೆರಿಕದಲ್ಲಿ 2002ರಿಂದ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡಿ ಎಂಬ ಶಿಫಾರಸು ಇದೆ. ಈಗ 36, 37ನೇ ವಾರದಲ್ಲಿ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆಯುತ್ತಾರೆ. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ನಮ್ಮ ತಾಯಂದಿರು "ಜಿಬಿಎಸ್ ಪಾಸಿಟಿವ್ ಬಂದಿದೆ ಅಮ್ಮ" ಎಂಬ ಮಾತು ಕೇಳಿ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಅದು ಕಾಯಿಲೆಯಲ್ಲ, ಮಗಳ ತಪ್ಪಲ್ಲ, ಸ್ವಚ್ಛತೆಯ ಕೊರತೆಯೂ ಅಲ್ಲ. ನೋವು ಶುರುವಾದ ಮೇಲೆ ರಕ್ತನಾಳದ ಮೂಲಕ ಪೆನಿಸಿಲಿನ್ ಕೊಡುತ್ತಾರೆ, ಮಗುವಿಗೆ ರಕ್ಷಣೆ ಸಿಗುತ್ತದೆ. ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಿದರೆ ಬೇರೆ ಔಷಧಿ ಇದೆ. ಮೊಸರು ತಿನ್ನುವುದನ್ನು ನಿಲ್ಲಿಸಬೇಕಾಗಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಈ ಪರೀಕ್ಷೆ ಎಲ್ಲರಿಗೂ ತಾನಾಗಿ ನಡೆಯುವುದಿಲ್ಲ. ಎಂಟನೇ ತಿಂಗಳ ತಪಾಸಣೆಗೆ ಹೋದಾಗ "ಡಾಕ್ಟರೇ, ಜಿಬಿಎಸ್ ನೋಡಬೇಕಾ?" ಎಂದು ನೀವೇ ಕೇಳಿ. ಹಿಂದಿನ ಹೆರಿಗೆಯಲ್ಲಿ ಮಗುವಿಗೆ ಸೋಂಕಾಗಿದ್ದರೆ, ದಿನ ತುಂಬುವ ಮೊದಲೇ ನೋವು ಬಂದಿದ್ದರೆ, ನೀರು ಒಡೆದು ಬಹಳ ಹೊತ್ತಾಗಿದ್ದರೆ ಅದನ್ನೂ ಮರೆಯದೆ ಹೇಳಿ.

 ಪ್ರಶ್ನೆಗಳಿದ್ದರೆ ಈಗ ಕೇಳಿ. ಬಾಣಂತನಕ್ಕೆ ಹೊರಟವರು ಯಾರಾದರೂ ಇದ್ದರೆ ಅವರದ್ದು ಮೊದಲು.